ಕಡಲೊಳಗೆ ಇಣುಕುವ ವಿದ್ಯೆ

ಉತ್ತರ ಕನ್ನಡ ಜಿಲ್ಲೆಯ ಮುರುಡೇಶ್ವರದಲ್ಲಿ ನಿಂತು, ಆಕಾಶ ತಿಳಿಯಾಗಿರುವ ದಿನ ಪಡುವಣಕ್ಕೆ ಕಣ್ಣು ಹಾಯಿಸಿದರೆ, ನೀರಿನ ಅಂಚಿನಲ್ಲಿ ಒಂದು ಕಪ್ಪು ದಿಬ್ಬ ಕಾಣಿಸುತ್ತದೆ. ಅದೇ ನೇತ್ರಾಣಿ. ತೀರದಿಂದ ಸುಮಾರು 19 ಕಿಲೋಮೀಟರು ದೂರದಲ್ಲಿರುವ, ಜನವಸತಿಯಿಲ್ಲದ ಬಂಡೆಯ ದ್ವೀಪ. ಆಂಗ್ಲರು ತಮ್ಮ ನಕಾಶೆಗಳಲ್ಲಿ ಇದನ್ನು ಪಾರಿವಾಳಗಳ ದ್ವೀಪವೆಂದು ಕರೆದರು. ಇಲ್ಲಿಯ ಮರಗಳಲ್ಲಿ ಬಿಳಿಹೊಟ್ಟೆಯ ಕಡಲ ಹದ್ದುಗಳು ಗೂಡು ಕಟ್ಟುತ್ತವೆ. ನಮ್ಮ ನೌಕಾಪಡೆಯು ಇದನ್ನು ಗುರಿಯಭ್ಯಾಸಕ್ಕೆ ಬಳಸಿಕೊಂಡದ್ದೂ ಉಂಟು. ಮಳೆಗಾಲದ ಅಬ್ಬರ ತಗ್ಗಿ ಕಡಲು ಶಾಂತವಾದ ಮೇಲೆ, ದ್ವೀಪದ ಸುತ್ತಲಿನ ನೀರನ್ನು ತೋರಿಸಲು ಮುರುಡೇಶ್ವರದಿಂದ ದೋಣಿಗಳು ಪ್ರವಾಸಿಗಳನ್ನು ಕರೆದೊಯ್ಯುತ್ತವೆ. ದ್ವೀಪದ ಮೇಲೆ ಯಾರೂ ಇಳಿಯುವುದಿಲ್ಲ. ನೋಡಬೇಕಾದುದೆಲ್ಲ ನೀರಿನ ಕೆಳಗಿದೆ.

ನೋಡಲು ಬೇಕಾದ ಸಲಕರಣೆಗಳು ಅತ್ಯಲ್ಪ: ಮುಖಕ್ಕೆ ಗಾಜಿನ ಮುಖವಾಡ, ಬಾಯಿಗೆ ಒಂದು ಬಾಗಿದ ನಳಿಗೆ, ಕಾಲಿಗೆ ರಬ್ಬರಿನ ರೆಕ್ಕೆ, ಮೈಗೆ ತೇಲುವ ಅಂಗಿ. ಬಾಯಿಯ ನಳಿಗೆಗೆ ಸ್ನಾರ್ಕೆಲ್ ಎಂದು ಹೆಸರು. ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಜಲಾಂತರ್ಗಾಮಿಗಳು ನೀರೊಳಗಿದ್ದುಕೊಂಡೇ ಗಾಳಿಯನ್ನು ಸೆಳೆದುಕೊಳ್ಳಲು ಬಳಸಿದ ಕೊಳವೆಯ ಹೆಸರೇ ಇದಕ್ಕೂ ಬಂದಿತು. ದೋಣಿ ಹೊರಟೊಡನೆ ಮಾರ್ಗದರ್ಶಿಯು ತನ್ನ ವಿಧಿನಿಷೇಧಗಳ ಪಟ್ಟಿಯನ್ನು ಬಿಚ್ಚುತ್ತಾನೆ: ನಿಧಾನವಾಗಿ ಉಸಿರಾಡಿ, ಬಿರುಸಾಗಿ ಉಸಿರೆಳೆದು ಮುಳುಗಬೇಡಿ, ಗುಂಪು ಬಿಟ್ಟು ಹೋಗಬೇಡಿ, ಏನನ್ನೂ ಮುಟ್ಟಬೇಡಿ, ಯಾವುದರ ಮೇಲೂ ನಿಲ್ಲಬೇಡಿ. ಕಾಲೇಜಿನ ಹುಡುಗರ ಗುಂಪು ಇದನ್ನೆಲ್ಲ ಅರ್ಧ ಕಿವಿಯಿಂದ ಕೇಳುವುದು ಸಹಜ. ಆದರೆ ಈ ಮಾತುಗಳಲ್ಲಿ ಪ್ರತಿಯೊಂದರ ಹಿಂದೆಯೂ ಪ್ರೌಢಶಾಲೆಯಲ್ಲಿ ಓದಿದ ಒಂದಲ್ಲ ಒಂದು ನಿಯಮ ಅಡಗಿದೆ. ಅದನ್ನು ಮೀರಿದವರು ಜೀವ ಕಳೆದುಕೊಂಡ ಉದಾಹರಣೆಗಳೂ ಇವೆ.

ದ್ವೀಪವನ್ನು ಮುಟ್ಟಲು ಒಂದು ಗಂಟೆಗಿಂತ ಹೆಚ್ಚೇ ಹಿಡಿಯುತ್ತದೆ. ಅಷ್ಟು ಹೊತ್ತು ಹಿಂದಿರುಗಿ ತೀರವನ್ನೇ ನೋಡುತ್ತಿದ್ದರೆ ಭೂಮಿಯ ದುಂಡುತನ ಕಣ್ಣಿಗೆ ಕಟ್ಟುತ್ತದೆ. ಮೊದಲು ಮರಳು ಮರೆಯಾಗುತ್ತದೆ, ಆಮೇಲೆ ತೆಂಗಿನ ಮರಗಳ ಬುಡ, ಆಮೇಲೆ ಮನೆಗಳ ಮಾಡು. ಕಣ್ಣು ನೀರಿನಿಂದ 2 ಮೀಟರು ಎತ್ತರದಲ್ಲಿದ್ದರೆ, 19 ಕಿಲೋಮೀಟರು ದೂರದ ತೀರದಲ್ಲಿ ಸುಮಾರು 15 ಮೀಟರು ಎತ್ತರದವರೆಗಿನ ಎಲ್ಲವೂ ಭೂಮಿಯ ಉಬ್ಬಿನ ಹಿಂದೆ ಅಡಗುತ್ತದೆಂದು ಲೆಕ್ಕ ಹೇಳುತ್ತದೆ. 37 ಮೀಟರು ಎತ್ತರದ ಶಿವನ ಮೂರ್ತಿ ಗುಡ್ಡದ ಮೇಲೆ ಕುಳಿತಿರುವುದರಿಂದ ಕಡೆಯವರೆಗೂ ಕಾಣುತ್ತಿರುತ್ತದೆ. ಹೀಗೆ ದಿಗಂತವನ್ನು ನೋಡುತ್ತಿರುವುದರಿಂದ ಇನ್ನೊಂದು ಲಾಭವೂ ಇದೆ. ಒಳಗಿವಿಯಲ್ಲಿರುವ ಸಮತೋಲದ ಅಂಗವು ‘ಅಲುಗುತ್ತಿದ್ದೇವೆ’ ಎನ್ನುತ್ತಿರುವಾಗ, ದೋಣಿಯ ಒಳಭಾಗವನ್ನೇ ನೋಡುತ್ತಿರುವ ಕಣ್ಣು ‘ಇಲ್ಲ’ ಎನ್ನುತ್ತದೆ. ಈ ಜಗಳದಿಂದಲೇ ಹೊಟ್ಟೆ ತೊಳಸುವುದು. ದಿಗಂತವನ್ನು ನೋಡುವ ಕಣ್ಣು ಕಿವಿಯ ಮಾತನ್ನು ಒಪ್ಪಿಕೊಳ್ಳುತ್ತದೆ.

ಈಗ ತೇಲುವ ಅಂಗಿಯ ವಿಷಯ. ‘ನಮಗೆ ಈಜು ಬರುತ್ತದೆ, ಇದೇಕೆ?’ ಎಂದು ಕೇಳುವವರು ಪ್ರತಿ ದೋಣಿಯಲ್ಲೂ ಒಬ್ಬರಾದರೂ ಇರುತ್ತಾರೆ. ಬಾವಿಯಲ್ಲೂ ಕೆರೆಯಲ್ಲೂ ಕಲಿತ ಈಜು ನಿಂತ ನೀರಿನ ಈಜು. ಕಡಲು ನಿಲ್ಲುವುದಿಲ್ಲ. 2024ರ ಡಿಸೆಂಬರಿನಲ್ಲಿ ಶಾಲೆಯ ಪ್ರವಾಸದಲ್ಲಿ ಬಂದಿದ್ದ ಕೋಲಾರ ಜಿಲ್ಲೆಯ ನಾಲ್ವರು ವಿದ್ಯಾರ್ಥಿನಿಯರು ಇದೇ ಮುರುಡೇಶ್ವರದ ತೀರದಲ್ಲಿ ನೀರಿಗಿಳಿದು ಮರಳಿ ಬರಲಿಲ್ಲ. ನೇತ್ರಾಣಿಯ ಸುತ್ತಲೂ ಉಬ್ಬರವಿಳಿತಗಳ ಸೆಳೆತ ಉಂಟು. ಮುಖ ಕೆಳಗೆ ಮಾಡಿ ಮೀನುಗಳನ್ನು ನೋಡುತ್ತಿರುವವನಿಗೆ ತಾನು ತೇಲಿ ಹೋಗುತ್ತಿರುವುದು ತಿಳಿಯುವುದೇ ಇಲ್ಲ. ಅಂಗಿಯು 60 ಕಿಲೋಗ್ರಾಂ ತೂಕದ ಮನುಷ್ಯನನ್ನು ಹೇಗೆ ಎತ್ತಿ ಹಿಡಿದೀತೆಂದು ಸಂದೇಹ ಬೇಡ. ನಮ್ಮ ದೇಹದ ಸಾಂದ್ರತೆ ಹೆಚ್ಚುಕಡಿಮೆ ನೀರಿನಷ್ಟೇ. ಮುಳುಗಿದ ಭಾಗದ ಭಾರವನ್ನೆಲ್ಲ ಆರ್ಕಿಮಿಡೀಸನ ನಿಯಮದಂತೆ ಕಡಲೇ ಹೊರುತ್ತದೆ. ಅಂಗಿ ಹೊರಬೇಕಾದುದು ನೀರಿನ ಮೇಲಿರುವ ತಲೆಯ ಭಾರವನ್ನು ಮಾತ್ರ, ಎಂದರೆ ಸುಮಾರು 5 ಕಿಲೋಗ್ರಾಂ.

ಮುಖವಾಡದ ಕೆಲಸ ನೀರನ್ನು ಕಣ್ಣಿನಿಂದ ದೂರವಿಡುವುದಷ್ಟೇ ಅಲ್ಲ. ಕಣ್ಣಿನ ಮುಂದೆ ಗಾಳಿಯನ್ನು ಇರಿಸುವುದು. ಬೆಳಕನ್ನು ಬಾಗಿಸುವ ಶಕ್ತಿಯ ಮೂರರಲ್ಲಿ ಎರಡು ಪಾಲು ನಮ್ಮ ಕಣ್ಣಿನೊಳಗಿನ ಮಸೂರದಲ್ಲಿಲ್ಲ. ಅದು ಹೊರಗಿನ ಪಾರದರ್ಶಕ ಪಟಲದಲ್ಲಿದೆ. ಗಾಳಿಯಿಂದ ಈ ಪಟಲಕ್ಕೆ ಹೊಕ್ಕಾಗ ಬೆಳಕು ಬಾಗುತ್ತದೆ. ಪಟಲದ ವಕ್ರೀಭವನಾಂಕ 1.38, ನೀರಿನದು 1.33. ಎರಡೂ ಹತ್ತಿರ ಹತ್ತಿರವಾದುದರಿಂದ ನೀರಿನಿಂದ ಬರುವ ಬೆಳಕು ಬಾಗದೆ ನುಗ್ಗುತ್ತದೆ, ಬಿಂಬವು ಅಕ್ಷಿಪಟದ ಹಿಂದೆಲ್ಲೋ ಬಿದ್ದು ಜಗತ್ತೆಲ್ಲ ಮಸುಕಾಗುತ್ತದೆ. ಮೀನು ಈ ತೊಡಕನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿದೆ. ಅದರ ಮಸೂರ ಪೂರ್ತಿ ಗುಂಡು. ಮೀನಿನ ಸಾರು ಉಣ್ಣುವ ಮನೆಯವರು ತಟ್ಟೆಯಲ್ಲಿ ಕಾಣುವ ಆ ಬಿಳಿಯ ಮಣಿಯೇ ಅದು. ಥಾಯ್ಲೆಂಡ್ ಮತ್ತು ಬರ್ಮಾ ತೀರದ ಮೊಕೆನ್ ಎಂಬ ಕಡಲ ಜನರ ಮಕ್ಕಳು ಮುಖವಾಡವಿಲ್ಲದೆಯೇ ನೀರೊಳಗೆ ಚಿಪ್ಪುಗಳನ್ನು ಆಯುತ್ತಾರೆ. ಅವರು ಕಣ್ಣಿನ ಪಾಪೆಯನ್ನು ಬಹಳ ಕಿರಿದು ಮಾಡಿಕೊಂಡು, ಯುರೋಪಿನ ಮಕ್ಕಳಿಗಿಂತ ಎರಡರಷ್ಟು ಸೂಕ್ಷ್ಮವಾಗಿ ನೋಡಬಲ್ಲರೆಂದು ಸ್ವೀಡನ್ನಿನ ಆನಾ ಯಿಸ್ಲೇನ್ ಮತ್ತು ಸಂಗಡಿಗರು 2003ರಲ್ಲಿ ತೋರಿಸಿಕೊಟ್ಟರು.

ಮುಖವಾಡದ ಗಾಜಿನ ಮೂಲಕ ನೋಡಿದಾಗ ವಸ್ತುಗಳು ನಿಜವಾದ ದೂರದ ಮುಕ್ಕಾಲು ಪಾಲಿನಷ್ಟೇ ದೂರದಲ್ಲಿರುವಂತೆಯೂ, ಮೂರನೆಯ ಒಂದು ಪಾಲಿನಷ್ಟು ದೊಡ್ಡದಾಗಿಯೂ ಕಾಣುತ್ತವೆ. ಮೀನನ್ನು ಮುಟ್ಟಲು ಚಾಚಿದ ಕೈ ಎಟುಕದೆ ಹೋಗುವುದಕ್ಕೂ, ಊರಿಗೆ ಮರಳಿದ ಮೇಲೆ ಹೇಳುವ ಮೀನಿನ ಗಾತ್ರಕ್ಕೂ ಇದೇ ಕಾರಣ. ಎರಡನೆಯದರಲ್ಲಿ ಪಾಲುಗೊಳ್ಳುವ ಬೇರೆ ಕಾರಣಗಳು ಭೌತಶಾಸ್ತ್ರಕ್ಕೆ ಸೇರಿದವಲ್ಲ. ಗಾಜು ಮಂಜುಗಟ್ಟದಿರಲೆಂದು ಮಾರ್ಗದರ್ಶಿಯು ಅದರ ಒಳಮೈಗೆ ಉಗುಳನ್ನು ಸವರಲು ಹೇಳುತ್ತಾನೆ. ಅಸಹ್ಯವೆನಿಸಿದರೂ ಉಪಾಯ ಸರಿಯಾದುದೇ. ಉಗುಳಿನ ಲೋಳೆಯು ನೀರನ್ನು ಹನಿಗಟ್ಟಗೊಡದೆ ತೆಳುಪೊರೆಯಾಗಿ ಹರಡುತ್ತದೆ.

ಇನ್ನು ನಳಿಗೆಗೆ ಬರೋಣ. ಅದರ ಉದ್ದ ಒಂದು ಮೊಳಕ್ಕಿಂತ ತುಸು ಕಡಿಮೆ. ಉದ್ದವಾದ ನಳಿಗೆಯನ್ನು ಮಾಡಿದ್ದರೆ ಹವಳದ ಹತ್ತಿರಕ್ಕೇ ಹೋಗಿ ಗಂಟೆಗಟ್ಟಲೆ ನೋಡಬಹುದಾಗಿತ್ತಲ್ಲ ಎಂದು ಯಾರಿಗಾದರೂ ತೋರುತ್ತದೆ. ಚಲಚ್ಚಿತ್ರಗಳಲ್ಲಿ ಶತ್ರುಗಳಿಂದ ತಪ್ಪಿಸಿಕೊಂಡ ವೀರನು ಕೆರೆಯ ತಳದಲ್ಲಿ ಕುಳಿತು ಜೊಂಡಿನ ಕೊಳವೆಯಿಂದ ಉಸಿರಾಡುವುದನ್ನು ನೋಡಿಯೂ ಇದ್ದೇವೆ. ಅದು ಆಗದ ಕೆಲಸ. ವೈಶಂಪಾಯನ ಸರೋವರದಲ್ಲಿ ಅಡಗಿದ ದುರ್ಯೋಧನನಿಗಾದರೋ ಜಲಸ್ತಂಭನ ವಿದ್ಯೆಯಿತ್ತು. ನಮಗಿರುವುದು ಎದೆಯ ಸ್ನಾಯುಗಳು ಮಾತ್ರ.

1 ಮೀಟರು ಆಳದಲ್ಲಿ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೂ ಸುಮಾರು 100 ಗ್ರಾಂ ಭಾರವನ್ನು ಹೇರುತ್ತದೆ. ಎದೆಯ ಮುಂಭಾಗ 30 ಸೆಂಟಿಮೀಟರು ಅಗಲ, 30 ಸೆಂಟಿಮೀಟರು ಉದ್ದವೆಂದು ಹಿಡಿದರೆ ಅದರ ವಿಸ್ತಾರ 900 ಚದರ ಸೆಂಟಿಮೀಟರು. ಅದರ ಮೇಲೆ ಬೀಳುವ ಭಾರ 90 ಕಿಲೋಗ್ರಾಂ. ಶ್ವಾಸಕೋಶದೊಳಗಿನ ಗಾಳಿಯೂ ಅಷ್ಟೇ ಒತ್ತಡದಲ್ಲಿದ್ದರೆ ಒಳಗಿನಿಂದ ಆಸರೆ ಸಿಗುತ್ತಿತ್ತು. ಆದರೆ ನಳಿಗೆಯ ಮೇಲ್ತುದಿ ಬಯಲಿಗೆ ತೆರೆದಿದೆ; ಒಳಗಿನ ಗಾಳಿಯ ಒತ್ತಡ ಮೇಲಿನ ಗಾಳಿಯದ್ದಷ್ಟೇ. ಆದುದರಿಂದ ಪ್ರತಿಯೊಂದು ಉಸಿರಿಗೂ ಎದೆಯು ಒಂದು ಗೋಣಿ ಅಕ್ಕಿಯನ್ನು ಎತ್ತಿದಂತೆ ಹಿಗ್ಗಬೇಕು. ನಾಲ್ಕಾರು ಉಸಿರಿನಲ್ಲಿ ಸ್ನಾಯುಗಳು ಸೋಲುತ್ತವೆ. ಹಟ ಹಿಡಿದರೆ ಶ್ವಾಸಕೋಶದೊಳಕ್ಕೆ ರಕ್ತ ನುಗ್ಗಿ ಅಪಾಯವಾಗುತ್ತದೆ. ಬೆನ್ನಿಗೆ ಗಾಳಿಯ ಉರುಳೆ ಕಟ್ಟಿಕೊಂಡು ಮುಳುಗುವವನಿಗೆ ಈ ಕಷ್ಟವಿಲ್ಲ. ಫ್ರಾನ್ಸಿನ ಕುಸ್ತೋ ಮತ್ತು ಗಾನ್ಯಾಂ ಎಂಬವರು 1943ರಲ್ಲಿ ರೂಪಿಸಿದ ಉಪಕರಣವು ಸುತ್ತಲಿನ ನೀರಿನ ಒತ್ತಡಕ್ಕೆ ಸರಿಸಮನಾದ ಒತ್ತಡದಲ್ಲಿಯೇ ಗಾಳಿಯನ್ನು ಬಾಯಿಗೆ ಒದಗಿಸುತ್ತದೆ.

ಒತ್ತಡದ ಮಾತು ಅಷ್ಟಕ್ಕಿರಲಿ. ನಳಿಗೆಯಲ್ಲಿ ಇನ್ನೊಂದು ಕೇಡು ಅಡಗಿದೆ. ಇದು ಮೇಲೆಯೇ ತೇಲುತ್ತಿರುವವನನ್ನೂ ಬಿಡುವುದಿಲ್ಲ. ಸುಮ್ಮನಿರುವ ಮನುಷ್ಯನು ಒಂದು ಉಸಿರಿಗೆ ಸುಮಾರು 500 ಮಿಲಿಲೀಟರು ಗಾಳಿಯನ್ನು ಒಳಗೆಳೆದುಕೊಳ್ಳುತ್ತಾನೆ. ಇದರಲ್ಲಿ 150 ಮಿಲಿಲೀಟರು ಮೂಗು, ಗಂಟಲು, ಶ್ವಾಸನಾಳಗಳಲ್ಲಿಯೇ ಉಳಿದು, ಕೆಲಸಕ್ಕೆ ಬಾರದೆ ಹಿಂತಿರುಗುತ್ತದೆ. ನಳಿಗೆಯು ಈ ದಂಡದ ದಾರಿಯನ್ನು ಇನ್ನಷ್ಟು ಉದ್ದ ಮಾಡುತ್ತದೆ. 2 ಸೆಂಟಿಮೀಟರು ಒಳವ್ಯಾಸ, 40 ಸೆಂಟಿಮೀಟರು ಉದ್ದದ ನಳಿಗೆ ಹಿಡಿಯುವ ಗಾಳಿ ಸುಮಾರು 125 ಮಿಲಿಲೀಟರು. ಬಿಟ್ಟ ಉಸಿರಿನ ಕೊನೆಯ ಪಾಲು ಅದರಲ್ಲಿ ನಿಂತಿದ್ದು, ಮುಂದಿನ ಉಸಿರಿನಲ್ಲಿ ಮೊದಲು ಒಳಬರುವುದು ಅದೇ ಹಳಸಿದ ಗಾಳಿ. ಹೊಸ ಗಾಳಿಯಾಗಿ ಒಳಗೆ ತಲಪುವುದು 225 ಮಿಲಿಲೀಟರು ಮಾತ್ರ. ನಳಿಗೆಯನ್ನು 1 ಮೀಟರಿಗೆ ಬೆಳೆಸಿದರೆ ಅದರ ಹಿಡಿತ 314 ಮಿಲಿಲೀಟರಾಗಿ, ಹೊಸ ಗಾಳಿ 36 ಮಿಲಿಲೀಟರಿಗೆ ಇಳಿಯುತ್ತದೆ. ತನ್ನ ಉಸಿರನ್ನೇ ತಾನು ಮತ್ತೆ ಮತ್ತೆ ಕುಡಿದಂತಾಗುತ್ತದೆ.

‘ನಿಧಾನವಾಗಿ, ಆಳವಾಗಿ ಉಸಿರಾಡಿ’ ಎಂಬ ಮಾತಿನ ಬೆಲೆ ಈಗ ತಿಳಿಯುತ್ತದೆ. ಗಾಬರಿಗೊಂಡವನು ನಿಮಿಷಕ್ಕೆ 20 ಸಲ 500 ಮಿಲಿಲೀಟರಿನಂತೆ ಏದುತ್ತಾನೆ. ಸಮಾಧಾನದಿಂದಿರುವವನು 10 ಸಲ 1000 ಮಿಲಿಲೀಟರಿನಂತೆ ಎಳೆಯುತ್ತಾನೆ. ಇಬ್ಬರೂ ಎಳೆದುಕೊಂಡುದು ನಿಮಿಷಕ್ಕೆ 10 ಲೀಟರೇ. ಆದರೆ ಮೊದಲನೆಯವನಿಗೆ ದಕ್ಕಿದ ಹೊಸ ಗಾಳಿ 4.5 ಲೀಟರು, ಎರಡನೆಯವನಿಗೆ 7.25 ಲೀಟರು. ಗಾಬರಿಯಾದಷ್ಟೂ ಗಾಳಿ ಸಾಲದು. ಗಾಳಿ ಸಾಲದಷ್ಟೂ ಗಾಬರಿ. ಈ ಚಕ್ರಕ್ಕೆ ಸಿಕ್ಕಿದವನು ಕೂಗಲಾರ, ಏಕೆಂದರೆ ಬಾಯಲ್ಲಿ ನಳಿಗೆಯಿದೆ. ದೂರದಿಂದ ನೋಡುವವರಿಗೆ ಅವನು ಮೀನು ನೋಡುತ್ತಿರುವಂತೆಯೇ ಕಾಣುತ್ತಾನೆ. ಆದುದರಿಂದಲೇ ಜೊತೆಗಾರನೊಬ್ಬನು ಯಾವಾಗಲೂ ಪಕ್ಕದಲ್ಲಿರಬೇಕೆಂಬ ಕಟ್ಟಳೆ.

ಅತ್ಯಂತ ಗಂಭೀರವಾದ ಅಪಾಯ ಕಾದಿರುವುದು ಅಂಜುಕುಳಿಗಳಿಗಲ್ಲ, ಈಜಿನಲ್ಲಿ ಪಳಗಿದ ತರುಣರಿಗೆ. ಹತ್ತಿಪ್ಪತ್ತು ಸಲ ಬಿರುಸಾಗಿ ಉಸಿರೆಳೆದುಬಿಟ್ಟು ಮುಳುಗಿದರೆ ಹೆಚ್ಚು ಹೊತ್ತು ಒಳಗಿರಬಹುದೆಂಬ ಗುಟ್ಟು ಹುಡುಗರ ನಡುವೆ ಬಾಯಿಂದ ಬಾಯಿಗೆ ಹರಡಿದೆ. ಹೆಚ್ಚು ಹೊತ್ತು ಇರಬಹುದೆಂಬುದು ಸುಳ್ಳಲ್ಲ. ಆದರೆ ಅದಕ್ಕೆ ಅವರು ತಿಳಿದಿರುವ ಕಾರಣ ತಪ್ಪು. ಆರೋಗ್ಯವಂತನ ರಕ್ತವು ಸಾಮಾನ್ಯ ಉಸಿರಾಟದಲ್ಲಿಯೇ ಆಮ್ಲಜನಕವನ್ನು ಹೆಚ್ಚುಕಡಿಮೆ ಪೂರ್ತಿಯಾಗಿ ತುಂಬಿಕೊಂಡಿರುತ್ತದೆ. ಎಷ್ಟು ಏದಿದರೂ ಅದಕ್ಕೆ ಹೆಚ್ಚಾಗಿ ಸೇರುವುದು ಅತ್ಯಲ್ಪ. ಏದುವುದರಿಂದ ಆಗುವುದು ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುವುದು. ‘ಇನ್ನು ತಡೆಯಲಾರೆ, ಉಸಿರಾಡಬೇಕು’ ಎಂಬ ಹಂಬಲವನ್ನು ನಮ್ಮಲ್ಲಿ ಹುಟ್ಟಿಸುವುದು ಮುಖ್ಯವಾಗಿ ಇದೇ ಅನಿಲ, ಆಮ್ಲಜನಕದ ಕೊರತೆಯಲ್ಲ. ಆದ್ದರಿಂದ ಏದಿ ಮುಳುಗಿದವನು ತನ್ನ ಉಗ್ರಾಣವನ್ನು ತುಂಬಿಕೊಂಡಿರುವುದಿಲ್ಲ. ಉಗ್ರಾಣದ ಕಾವಲುಗಾರನನ್ನು ಮಲಗಿಸಿರುತ್ತಾನೆ. ಆಮ್ಲಜನಕ ತೀರುತ್ತ ಬಂದರೂ ಎಚ್ಚರಿಕೆಯ ಗಂಟೆ ಬಾರಿಸುವುದಿಲ್ಲ. ಹಾಯಾಗಿದೆಯೆಂದು ಅನ್ನಿಸುತ್ತಿರುವಾಗಲೇ ಪ್ರಜ್ಞೆ ತಪ್ಪುತ್ತದೆ. ಮೇಲೇರುವಾಗ ಕಷ್ಟ ಇನ್ನೂ ಹೆಚ್ಚು. 5 ಮೀಟರು ಆಳದಿಂದ ಮೇಲಕ್ಕೆ ಬರುವಷ್ಟರಲ್ಲಿ ಶ್ವಾಸಕೋಶದೊಳಗಿನ ಒತ್ತಡ ಮೂರರಲ್ಲಿ ಒಂದು ಪಾಲು ಇಳಿಯುತ್ತದೆ. ಅದರೊಡನೆ ಆಮ್ಲಜನಕದ ಒತ್ತಡವೂ ಇಳಿದು, ಮೇಲ್ಮೈ ಕೈಗೆಟುಕುವ ಹೊತ್ತಿಗೆ ಕತ್ತಲೆ ಕವಿಯುತ್ತದೆ. ಇಂಥ ಸಾವುಗಳು ಕಡಲಿನಲ್ಲಿ ಮಾತ್ರವಲ್ಲ, ಎದೆಮಟ್ಟದ ಈಜುಕೊಳಗಳಲ್ಲಿಯೂ ನಡೆದಿವೆ. ಮುಳುಗಲೇಬೇಕೆನಿಸಿದರೆ ಎರಡು ಮೂರು ಸಹಜವಾದ ಉಸಿರು ಸಾಕು. ಒಬ್ಬ ಕೆಳಗಿದ್ದಾಗ ಇನ್ನೊಬ್ಬ ಮೇಲಿದ್ದು ಅವನನ್ನೇ ನೋಡುತ್ತಿರಬೇಕು.

ದೋಣಿ ಲಂಗರು ಹಾಕಿ, ನಾವು ಮುಖವನ್ನು ನೀರಿಗೆ ಇಳಿಸಿದೊಡನೆ ಮೊದಲು ಎದುರಾಗುವುದು ಸದ್ದು. ಬಾಣಲೆಯಲ್ಲಿ ಒಗ್ಗರಣೆ ಸಿಡಿಯುವಂತೆ ಚಟಪಟ ಶಬ್ದವೊಂದು ಎಡೆಬಿಡದೆ ಕೇಳುತ್ತಿರುತ್ತದೆ. ಬಂಡೆಗಳ ಬಿರುಕಿನಲ್ಲಿ ವಾಸಿಸುವ ಬೆರಳುದ್ದದ ಸಿಗಡಿಗಳು ತಮ್ಮ ದೊಡ್ಡ ಕೊಂಡಿಯನ್ನು ರಭಸದಿಂದ ಮುಚ್ಚಿದಾಗ ಹುಟ್ಟುವ ನೀರಗುಳ್ಳೆ ಒಡೆಯುವ ಶಬ್ದವದು. ಅದು ಯಾವ ದಿಕ್ಕಿನಿಂದ ಬರುತ್ತಿದೆಯೆಂದು ಮಾತ್ರ ಹೇಳಲಾಗುವುದಿಲ್ಲ. ಒಂದು ಕಿವಿಗೂ ಇನ್ನೊಂದು ಕಿವಿಗೂ ಶಬ್ದ ತಲಪುವ ಕಾಲದಲ್ಲಿರುವ ಅಂತರದಿಂದ ನಾವು ದಿಕ್ಕನ್ನು ತಿಳಿಯುತ್ತೇವಷ್ಟೆ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರು ಹೋಗುವ ಶಬ್ದ ನೀರಿನಲ್ಲಿ 1500 ಮೀಟರು ಹೋಗುವುದರಿಂದ ಆ ಅಂತರ ನಾಲ್ಕರಲ್ಲೊಂದು ಪಾಲಿಗಿಂತಲೂ ಕಡಿಮೆಯಾಗುತ್ತದೆ. ಸಿಗಡಿಯ ವಿಷಯದಲ್ಲಿ ಇದು ವಿನೋದ. ಸಮೀಪಿಸುತ್ತಿರುವ ಯಂತ್ರದೋಣಿಯ ವಿಷಯದಲ್ಲಿ ಹಾಗಲ್ಲ. ಗುಂಪು ಬಿಟ್ಟು ಹೋಗಬಾರದೆಂಬುದಕ್ಕೆ ಇದೂ ಒಂದು ಕಾರಣ.

ಕೆಳಗೆ ಎಲ್ಲವೂ ನೀಲಿ ಹಸಿರು. ನೀರು ಕೆಂಪು ಬಣ್ಣವನ್ನು ಮೊದಲು ಹೀರಿಕೊಳ್ಳುತ್ತದೆ. ಕೆಲವೇ ಮೀಟರುಗಳಲ್ಲಿ ಕುಂಕುಮವೂ ಮಂಕಾಗಿ ಕಾಣುತ್ತದೆ. ಕಡಲಿನ ನೀಲಿ ಆಕಾಶದ ನೆರಳೆಂದು ನಂಬಿದ್ದ ಕಾಲವೊಂದಿತ್ತು. 1921ರಲ್ಲಿ ಇಂಗ್ಲೆಂಡಿನಿಂದ ಮರಳುತ್ತಿದ್ದ ಚಂದ್ರಶೇಖರ ವೆಂಕಟ ರಾಮನ್ನರು ಹಡಗಿನ ಮೇಲೆ ನಿಂತು, ಆಕಾಶದ ಪ್ರತಿಬಿಂಬವನ್ನು ನಿಕಲ್ ಪಟ್ಟಕದಿಂದ ತಡೆದು ನೋಡಿದರು. ನೀಲಿ ಮಾಯವಾಗಲಿಲ್ಲ. ನೀರಿನ ಅಣುಗಳೇ ಬೆಳಕನ್ನು ಚೆದರಿಸುತ್ತವೆಂದು ಅವರು ತೋರಿಸಿದರು. ಅಲ್ಲಿಂದ ಹಿಡಿದ ದಾರಿ 1928ರಲ್ಲಿ ರಾಮನ್ ಪರಿಣಾಮದವರೆಗೆ ಸಾಗಿತು.

ಬಂಡೆಗಳ ಮೇಲೆ ಉಂಡೆಗಳಂತೆ, ತಟ್ಟೆಗಳಂತೆ ಅಂಟಿಕೊಂಡಿರುವುದು ಹವಳ. ಲಕ್ಷದ್ವೀಪದಂತೆ ನೇತ್ರಾಣಿ ಹವಳದಿಂದಲೇ ಕಟ್ಟಿದ ದ್ವೀಪವಲ್ಲ. ಇಲ್ಲಿ ಕಗ್ಗಲ್ಲಿನ ಮೇಲೆ ಹವಳ ಅಲ್ಲಲ್ಲಿ ನೆಲೆಯೂರಿದೆ. ಹವಳಕ್ಕೆ ತಿಳಿಯಾದ, ಬಿಸಿಲು ಬೀಳುವ ಉಪ್ಪುನೀರು ಬೇಕು. ಮಳೆಗಾಲದಲ್ಲಿ ಕಾಳಿ, ಶರಾವತಿ ಮೊದಲಾದ ನದಿಗಳು ಕೆಸರನ್ನೂ ಸಿಹಿನೀರನ್ನೂ ತಂದು ಸುರಿಯುವ ನಮ್ಮ ಕರಾವಳಿಯ ಅಂಚಿನಲ್ಲಿ ಅದು ಬೆಳೆಯುವುದು ಕಷ್ಟ. ನೇತ್ರಾಣಿ ದೂರವಿರುವುದೇ ಅದರ ಪುಣ್ಯ. ಹವಳವನ್ನು ಗಿಡವೆಂದು ಬಹುಕಾಲ ಭಾವಿಸಿದ್ದರು. 18ನೆಯ ಶತಮಾನದಲ್ಲಿ ಫ್ರಾನ್ಸಿನ ಪೆಯ್ಸೊನೆಲ್ ಎಂಬಾತನು ಅದು ಪ್ರಾಣಿಯೆಂದು ಹೇಳಿದಾಗ ವಿದ್ವಾಂಸರು ಸುಲಭವಾಗಿ ಒಪ್ಪಲಿಲ್ಲ. ಅವರನ್ನು ಪೂರ್ತಿ ತಪ್ಪೆನ್ನುವಂತೆಯೂ ಇಲ್ಲ. ಹವಳದ ಹುಳುವಿನ ಮೈಯೊಳಗೆ ಸೂಕ್ಷ್ಮವಾದ ಪಾಚಿಗಳು ವಾಸಿಸುತ್ತವೆ. ಅವು ಬಿಸಿಲಿನಲ್ಲಿ ಅಡುಗೆ ಮಾಡಿ, ಮನೆಯೊಡೆಯನಿಗೆ ಬೇಕಾದ ಆಹಾರದ ಬಹುಭಾಗವನ್ನು ಬಾಡಿಗೆಯಾಗಿ ಸಲ್ಲಿಸುತ್ತವೆ. ಹುಳುವು ಸುಣ್ಣದ ಮನೆಯನ್ನು ಕಟ್ಟುತ್ತಾ ಹೋಗುತ್ತದೆ. ಉಂಡೆಯಾಕಾರದ ಹವಳ ಬೆಳೆಯುವುದು ವರ್ಷಕ್ಕೆ ಸುಮಾರು 1 ಸೆಂಟಿಮೀಟರು. ಮೊಳದೆತ್ತರದ ಹವಳವೊಂದು ನಮ್ಮ ವಾಚಕರ ತಂದೆತಾಯಿಗಳ ವಯಸ್ಸಿನದು. ದಣಿದವನೊಬ್ಬ ರಬ್ಬರಿನ ರೆಕ್ಕೆಯ ಕಾಲನ್ನು ಅದರ ಮೇಲೂರಿ ಅರೆಗಳಿಗೆ ನಿಂತರೆ, ಕಲ್ಲಿನ ಮೇಲೆ ತೆಳುವಾಗಿ ಹರಡಿರುವ ಜೀವದ ಪದರ ಜಜ್ಜಿಹೋಗುತ್ತದೆ. ಹವಳಗಳು 2001ರಿಂದ ವನ್ಯಜೀವಿ ಕಾನೂನಿನ ಮೊದಲನೆಯ ಅನುಸೂಚಿಯಲ್ಲಿವೆ. ಹುಲಿಗೆ ಇರುವಷ್ಟೇ ರಕ್ಷಣೆ ಅದಕ್ಕೂ ಉಂಟು. ಸತ್ತ ತುಣುಕನ್ನು ಜೇಬಿಗೆ ಹಾಕಿಕೊಳ್ಳುವುದೂ ಅಪರಾಧ.

ಕಾಲಿಗಿಂತ ಬಲವಾದ ವೈರಿ ಉಷ್ಣ. ನೀರು ಬೇಸಿಗೆಯ ಸಾಮಾನ್ಯ ಗರಿಷ್ಠಕ್ಕಿಂತ ಒಂದೇ ಒಂದು ಡಿಗ್ರಿ ಸೆಂಟಿಗ್ರೇಡ್ ಹೆಚ್ಚಾಗಿ ಕೆಲವು ವಾರ ಹಾಗೆಯೇ ಉಳಿದರೆ, ಹವಳವು ತನ್ನ ಪಾಚಿಗಳನ್ನು ಹೊರಹಾಕಿ ಬೆಳ್ಳಗಾಗುತ್ತದೆ. ಬೇಗನೆ ತಂಪಾದರೆ ಪಾಚಿಗಳು ಮರಳಬಹುದು. ಇಲ್ಲದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ. 1998ರಲ್ಲಿ ಲಕ್ಷದ್ವೀಪದಲ್ಲಿಯೂ ಮಾಲ್ಡೀವ್ಸಿನಲ್ಲಿಯೂ ಇದು ಭೀಕರವಾಗಿ ನಡೆಯಿತು. 2010ರಲ್ಲಿ ಮತ್ತೊಮ್ಮೆ, 2014ರಿಂದ 2017ರವರೆಗೆ ಇನ್ನೊಮ್ಮೆ. ಜಗತ್ತಿನ ಕಡಲುಗಳನ್ನೆಲ್ಲ ವ್ಯಾಪಿಸಿದ ನಾಲ್ಕನೆಯ ಬಿಳುಪು 2023ರಲ್ಲಿ ಆರಂಭವಾಯಿತೆಂದು 2024ರ ಏಪ್ರಿಲಿನಲ್ಲಿ ಘೋಷಿಸಲಾಯಿತು. ನೋಡಲು ಹೋದವರು ಬಿಳಿಯ ಹವಳವನ್ನು ಕಂಡು ‘ಎಷ್ಟು ಅಂದ!’ ಎಂದು ಉದ್ಗರಿಸುವುದುಂಟು. ಅದು ಸಾಯುತ್ತಿರುವ ಪ್ರಾಣಿಯ ಬಣ್ಣ.

ಗಿಳಿಮೀನು ತನ್ನ ಕೊಕ್ಕಿನಂಥ ಹಲ್ಲುಗಳಿಂದ ಹವಳದ ಕಲ್ಲನ್ನು ಕೆರೆದು ಪಾಚಿ ತಿನ್ನುವ ಸದ್ದು ಕಿವಿಗೊಟ್ಟವರಿಗೆ ಕೇಳಿಸುತ್ತದೆ. ಹೊಟ್ಟೆಯೊಳಗೆ ಹೋದ ಕಲ್ಲು ಹಿಂಬದಿಯಿಂದ ಬಿಳಿಯ ಮರಳಾಗಿ ಉದುರುವುದನ್ನೂ ನೋಡಬಹುದು. ಚಿಟ್ಟೆಮೀನುಗಳು ಜೋಡಿಜೋಡಿಯಾಗಿ ತಿರುಗುತ್ತವೆ. ಕಡಲಾಮೆಯ ದರ್ಶನ ಅದೃಷ್ಟಕ್ಕೆ ಬಿಟ್ಟದ್ದು. ಹೀಗೆ ಮೈಮರೆತಿರುವಾಗ ಬೆನ್ನು ಸುಡುತ್ತಿರುವುದು ನೀರಿನ ತಂಪಿನಿಂದಾಗಿ ತಿಳಿಯುವುದಿಲ್ಲ. ತೋಳು ಬೆನ್ನು ಮುಚ್ಚುವ ಅಂಗಿ ತೊಡುವುದು ಮೇಲು. ಹವಳಕ್ಕೆ ಹಾನಿಯೆಂಬ ಕಾರಣದಿಂದ ಕೆಲವು ಬಿಸಿಲುಲೇಪಗಳ ಮಾರಾಟವನ್ನು ಹವಾಯಿ ದ್ವೀಪಗಳಲ್ಲಿ 2021ರಿಂದ ನಿಷೇಧಿಸಿದ್ದಾರೆ. ನೀರು ಗಾಳಿಗಿಂತ ಸುಮಾರು 25 ಪಾಲು ವೇಗವಾಗಿ ಮೈಯ ಶಾಖವನ್ನು ಒಯ್ಯುವುದರಿಂದ, ಬೆಚ್ಚನೆಯ ಕಡಲಿನಲ್ಲಿಯೂ ಗಂಟೆಯೊಳಗೆ ನಡುಕ ಹುಟ್ಟುತ್ತದೆ. ನಡುಗತೊಡಗಿದವನು ದೋಣಿ ಹತ್ತಬೇಕು.

ಲಂಗರೆತ್ತುವ ಮುನ್ನ ತಲೆಯೆಣಿಕೆ. 1998ರ ಜನವರಿಯಲ್ಲಿ ಆಸ್ಟ್ರೇಲಿಯದ ಮಹಾ ಹವಳದಿಣ್ಣೆಯಲ್ಲಿ ಪ್ರವಾಸದ ದೋಣಿಯೊಂದು ಮುಳುಗುಗಾರರಿಬ್ಬರನ್ನು ನೀರಿನಲ್ಲಿಯೇ ಬಿಟ್ಟು ತೀರಕ್ಕೆ ಮರಳಿತು. ಅವರಿಲ್ಲವೆಂದು ಗೊತ್ತಾದುದು ಎರಡು ದಿನಗಳ ಮೇಲೆ. ಅವರು ಸಿಗಲೇ ಇಲ್ಲ. ಎಣಿಸುವವನು ಹೆಸರು ಹಿಡಿದು ಕೂಗಿದಾಗ ಪ್ರತಿಯೊಬ್ಬನೂ ತಾನೇ ಓಗೊಡಬೇಕು. ತರಗತಿಯಲ್ಲಿ ಗೆಳೆಯನ ಪರವಾಗಿ ಹಾಜರಿ ಹೇಳುವ ಅಭ್ಯಾಸವನ್ನು ನಮ್ಮ ವಿದ್ಯಾರ್ಥಿಗಳು ದೋಣಿಗೆ ತರಬಾರದು.